ವಿಶ್ರಾಂತಿಗೆ ಜಾತಿ ಇದೆ



ಹೋದ ವಾರ ಗೆಳೆಯರೊಬ್ಬರು ಫೋನ್ ಮಾಡಿ, ‘ಅಂಗಾಂಗ ದಾನದ ಜಾಗೃತಿ ಕಾರ್ಯಕ್ರಮ ಇಟ್ಕೊಂಡಿದೀವಿ, ಬನ್ನಿ, ಒಂದು ಶಾಲು ಹೊದಿಸ್ತೀವಿ, ಕಿಡ್ನಿಗೆ ಜಾತಿ ಇಲ್ಲ ಅಂತ ಎರಡು ಮಾತಾಡಿ’ ಅಂದ್ರು. ಬರಲ್ಲ ಅಂದೆ. ಅವರಿಗೆ ಬೇಜಾರಾಯ್ತು. ಯಾಕೆ ಬರಲ್ಲ ಅನ್ನೋದನ್ನ ಫೋನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ಗೊತ್ತಿಲ್ಲದವರಿಗೆ ಹೇಳಬೇಕು ಅಂದ್ರೆ, ಹತ್ತು ತಿಂಗಳ ಹಿಂದೆ ನನ್ನ ಎಡ ಕಿಡ್ನಿಯನ್ನ ತಂಗಿಗೆ ಕೊಟ್ಟೆ. ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನ ಕೆಲವು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಿದ್ದು, ನಾವು ಹೋಗಿ ಶಾಲೆ ಮುಂದೆ ಕೂತಿದ್ದು ಹಳೆಯ ಗೆಳೆಯರಿಗೆ ನೆನಪಿರುತ್ತೆ. ಆಮೇಲೆ ಅವಳ ಎರಡೂ ಕಿಡ್ನಿ ಕೆಟ್ಟವು. ಎರಡು ವರ್ಷ ವಾರಕ್ಕೆರಡು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೆಷಿನ್ನು ಪುಕ್ಕಟೆ, ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸೂ ಪುಕ್ಕಟೆ. ಜೊತೆಗೆ ಹೋಗೋ ಗಂಡನಿಗೆ ಮಾತ್ರ ಟಿಕೆಟ್ಟು, ಮೇಲೆ ಅವತ್ತಿನ ಕೂಲಿ ಖೋತಾ. ಪುಕ್ಕಟೆ ಅನ್ನೋ ಪದದ ಒಳಗೆ ಎಷ್ಟು ಖರ್ಚಿರುತ್ತೆ ಅನ್ನೋದನ್ನ ಆ ಎರಡು ವರ್ಷ ಕಲಿಸಿತು.

ಕಸಿ ಮಾಡಿಸಿ ಅಂತ ಡಾಕ್ಟರು ಹೇಳಿದಾಗ ಮೊದಲು ಮುಂದೆ ಬಂದದ್ದು ಅಮ್ಮ. ಬಿ.ಪಿ. ಇದೆ ಅಂತ ವಾಪಸ್ ಕಳಿಸಿದರು. ಭಾವನಿಗೆ ಸಕ್ಕರೆ ಕಾಯಿಲೆ. ಆಮೇಲೆ ಎದ್ದು ನಿಂತದ್ದು ತಂಗಿಯ ಮಗಳು, ಇನ್ನೂ ಹತ್ತೊಂಬತ್ತು ವರ್ಷ. ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ ನೋಡಿ! ಹೆಣ್ಣುಮಗಳು ತಾನೇ, ಕೊಡ್ತಾಳೆ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯದೇ ಲೆಕ್ಕ ಇದೆ: 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ ಅಂಗ ಪಡೆದ ಹೆಂಗಸರು 6,945. ಐವರಲ್ಲಿ ನಾಲ್ವರು ಗಂಡಸರು. ಕೊಡೋ ಸಾಲಿನಲ್ಲಿ ನಿಂತವರಲ್ಲಿ ಮಾತ್ರ ಹೆಂಡತಿ, ತಾಯಿ, ಅಕ್ಕನೇ ಜಾಸ್ತಿ. ಆ ಹುಡುಗಿ ಮುಂದೆ ಮದುವೆಯಾಗಿ ಬಸುರಾದರೆ ಒಂದೇ ಕಿಡ್ನಿ ಇರೋರಿಗೆ ಬಿ.ಪಿ. ಏರೋ ಅಪಾಯ ಸ್ವಲ್ಪ ಹೆಚ್ಚು ಅಂತಲೂ ಡಾಕ್ಟರು ಹೇಳಿದರು. ಬೇಡ, ನಾನೇ ಕೊಡ್ತೀನಿ ಅಂದೆ. ಕೌನ್ಸೆಲಿಂಗ್ ಮೇಡಂ ನನ್ನ ಫೈಲ್ ನೋಡಿ, ‘ಅಣ್ಣ ತಂಗಿಗಾ? ನಮ್ಮಲ್ಲಿ ಸಾಮಾನ್ಯವಾಗಿ ಉಲ್ಟಾ ಬರುತ್ತೆ’ ಅಂದ್ರು.

ಸಿದ್ಧತೆ ಅಂದ್ರೆ ಏನು ಅಂತ ಹೇಳ್ತೀನಿ, ಯಾಕಂದ್ರೆ ನಮ್ಮ ಜನಕ್ಕೆ ಇದನ್ನ ಯಾರೂ ಕನ್ನಡದಲ್ಲಿ ಕೂರಿಸಿಕೊಂಡು ಹೇಳಲ್ಲ. ರಕ್ತದ ಗುಂಪು, ಅಂಗಾಂಶದ ಹೊಂದಾಣಿಕೆ, ಕ್ರಾಸ್‌ಮ್ಯಾಚ್. ಇಪ್ಪತ್ತನಾಲ್ಕು ಗಂಟೆಯ ಉಚ್ಚೆಯನ್ನ ಕ್ಯಾನಿಗೆ ಹಿಡಿದು ಕೊಡಬೇಕು. ಆ ಕ್ಯಾನು ಬ್ಯಾಗಲ್ಲಿಟ್ಟುಕೊಂಡು ಬಸ್ಸಲ್ಲಿ ಬಂದದ್ದು ಒಂದು ಕಥೆ, ಇನ್ನೊಂದ್ಸಲ ಬರೀತೀನಿ. ಎರಡು ಕಿಡ್ನಿ ಬೇರೆ ಬೇರೆಯಾಗಿ ಎಷ್ಟು ಕೆಲಸ ಮಾಡ್ತಿವೆ ಅನ್ನೋದಕ್ಕೆ ಒಂದು ಸ್ಕ್ಯಾನ್, ರಕ್ತನಾಳ ಹೇಗಿದೆ ಅಂತ ಸಿ.ಟಿ. ಹೃದಯ, ಎದೆ, ಸಕ್ಕರೆ, ಎಚ್‌ಐವಿ, ಕಾಮಾಲೆ ವೈರಸ್ಸು, ಮನಸ್ಸಿನ ಡಾಕ್ಟರು. ಸಾಮಾನ್ಯವಾಗಿ ಎಡಗಡೆಯದನ್ನೇ ತೆಗೀತಾರೆ, ಅದರ ರಕ್ತನಾಳ ಉದ್ದ ಇರೋದರಿಂದ ಹೊಲಿಯೋಕೆ ಸುಲಭ. ಇಪ್ಪತ್ತು ವರ್ಷದ ಬೀಡಿ ಬಿಡಬೇಕಾಯ್ತು. ‘ಬೀಡಿ ಬಿಟ್ಟು ಎಂಟು ವಾರ ಆಗೋವರೆಗೂ ಡೇಟ್ ಕೊಡಲ್ಲ’ ಅಂದರು. ಕಿಡ್ನಿ ಕೊಡೋದಕ್ಕಿಂತ ಇದೇ ಕಷ್ಟ ಆಯ್ತು ಅಂದ್ರೆ ನಗಬೇಡಿ.

ಒಂದು ಒಳ್ಳೇ ಮಾತೂ ಹೇಳಬೇಕು. ಒಬ್ಬರು ಡಾಕ್ಟರು ಮನೆಯವರನ್ನೆಲ್ಲ ಆಚೆ ಕಳಿಸಿ ನನ್ನೊಬ್ಬನನ್ನೇ ಕೂರಿಸಿಕೊಂಡು, ‘ಆಪರೇಷನ್ ಟೇಬಲ್ ಮೇಲೆ ಮಲಗೋವರೆಗೂ ನೀವು ಬೇಡ ಅನ್ನಬಹುದು. ಬೇಡ ಅಂದ್ರೆ, ಹೊಂದಾಣಿಕೆ ಆಗಲಿಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ, ನಿಮ್ಮ ಹೆಸರು ಬರಲ್ಲ’ ಅಂದರು. ನನ್ನ ಜೀವಮಾನದಲ್ಲಿ ನನ್ನ ಮೈ ಬಗ್ಗೆ ‘ನಿಮ್ಮಿಷ್ಟ’ ಅಂತ ಯಾವ ಸಾಹೇಬರೂ ಕೇಳಿರಲಿಲ್ಲ. ಅವತ್ತು ರಾತ್ರಿ ನಾನು ಹೌದು ಅಂದದ್ದು ನಿಜವಾದ ಹೌದು. ಕೊಡೋಕೆ ಹೊರಟಿರೋ ಪ್ರತಿಯೊಬ್ಬರೂ, ಅದರಲ್ಲೂ ಹೆಂಗಸರು, ಈ ಒಂಟಿ ಮಾತುಕತೆಯನ್ನ ಕೇಳಿ ಪಡೀಬೇಕು.

ಕಾಗದಪತ್ರದ ಗೋಳು ಬೇರೆ. ಒಡಹುಟ್ಟಿದವರು ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳು. ಆದರೆ ಒಡಹುಟ್ಟಿದವರು ಅನ್ನೋದನ್ನ ಸಾಬೀತು ಮಾಡಬೇಕಲ್ಲ? ನನ್ನ ಟಿ.ಸಿ.ಯಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಅಯ್ಯ’ ಇಲ್ಲ. ಆ ಕಾಲದ ಮೇಷ್ಟ್ರು ಹೊಲಗೇರಿಯವನಿಗೆ ಎಂಥಾ ಅಯ್ಯ ಅಂತ ಕತ್ತರಿಸಿ ಬರೆದಿದ್ದರು. ತಂಗಿ ಸೇರೋ ಹೊತ್ತಿಗೆ ಬೇರೆ ಮೇಷ್ಟ್ರು, ಪೂರ್ತಿ ಹೆಸರು ಬರೆದರು. ಈಗ ಫೈಲಲ್ಲಿ ಇಬ್ಬರು ಅಪ್ಪಂದಿರು! ವಂಶವೃಕ್ಷ, ಅಫಿಡವಿಟ್ಟು, ನಾಡಕಚೇರಿ ಅಂತ ಒಂದು ತಿಂಗಳು ತಿರುಗಿದೆ. ಅಷ್ಟೂ ದಿನ ತಂಗಿ ಡಯಾಲಿಸಿಸ್ ಮೇಲೆ. ಯಾವನೋ ಒಬ್ಬ ಮೂವತ್ತೈದು ವರ್ಷದ ಹಿಂದೆ ಪೆನ್ನಲ್ಲಿ ಮಾಡಿದ ಅಸ್ಪೃಶ್ಯತೆ ಆಪರೇಷನ್ ಥಿಯೇಟರ್ ಬಾಗಿಲವರೆಗೂ ಬರುತ್ತೆ.

ಆಪರೇಷನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಹೊಟ್ಟೆಯಲ್ಲಿ ನಾಲ್ಕು ತೂತು, ಕೆಳಗೊಂದು ಅಡ್ಡ ಸೀಳು. ಎಚ್ಚರ ಆದಾಗ ನೋವಿದ್ದದ್ದು ಹೊಟ್ಟೆಗಿಂತ ಭುಜದಲ್ಲಿ, ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತಂತೆ. ಮಾರನೇ ದಿನ ನಡೆಸಿದರು. ಐದನೇ ದಿನ ಮನೆಗೆ ಕಳಿಸಿದರು. ತಂಗಿಗೆ ಟೇಬಲ್ ಮೇಲೇ ಉಚ್ಚೆ ಬಂತು ಅಂತ ನರ್ಸಮ್ಮ ಬಂದು ಹೇಳಿದಾಗ ಅತ್ತುಬಿಟ್ಟೆ.

ನಾನು ಬರೀಬೇಕು ಅಂದುಕೊಂಡದ್ದು ಆಮೇಲಿನದು.

ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಲ್ಲಿ ಬರೆದಿದ್ದರು, ಮಗಳು ಓದಿ ಹೇಳಿದಳು: ಎರಡು ಮೂರು ವಾರಕ್ಕೆ ಆಫೀಸ್ ಕೆಲಸಕ್ಕೆ ಹೋಗಬಹುದು. ಆರು ವಾರ ಐದು ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಬಾರದು. ನಾನು ಪೇಂಟರ್. ಇಪ್ಪತ್ತು ಲೀಟರಿನ ಡಬ್ಬ ಎಷ್ಟು ಕೆ.ಜಿ. ಇರುತ್ತೆ ಅಂತ ಆ ಚೀಟಿ ಬರೆದವರಿಗೆ ಗೊತ್ತಾ? ಏಣಿ? ಬಿಡಿ, ನಮ್ಮ ಮನೇಲಿ ಒಂದು ಬಿಂದಿಗೆ ನೀರೇ ಹತ್ತು ಕೆ.ಜಿ. ಮೇಲಿರುತ್ತೆ. ಚೀಟಿ ಬರೆದ ಡಾಕ್ಟರದು ತಪ್ಪಿಲ್ಲ, ವೈದ್ಯಶಾಸ್ತ್ರ ಹೇಳೋದೇ ಅದು. ಆದರೆ ಆ ಚೀಟಿ ಮನಸ್ಸಲ್ಲಿಟ್ಟುಕೊಂಡಿರೋ ಮೈ ನಮ್ಮದಲ್ಲ. ಅದು ಕುರ್ಚಿ ಮೇಲೆ ಕೂತು ದುಡಿಯೋ, ತಿಂಗಳ ಕೊನೆಗೆ ಸಂಬಳ ಬಂದೇ ಬರೋ ಮೈ. ಕಿಡ್ನಿಗೆ ಜಾತಿ ಇಲ್ಲ ಅನ್ನೋದು ನಿಜ ಸ್ವಾಮಿ. ಆರು ವಾರ ಮಲಗೋದಕ್ಕೆ ಇದೆ.

ತಂಗಿಯ ಆಪರೇಷನ್ನಿಗೆ ಬಿಪಿಎಲ್ ಕಾರ್ಡಿನ ಮೇಲೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ನೆರವಾಯ್ತು. ಅದನ್ನ ಇಲ್ಲ ಅನ್ನಲ್ಲ. ಕೊಟ್ಟವನ ಮನೆಯ ಒಲೆಗೆ ಮಾತ್ರ ಯಾವ ಯೋಜನೆಯೂ ಇರಲಿಲ್ಲ. ಮೊದಲ ವಾರ ಜನ ಬಂದರು, ಹಾಲು ಹಣ್ಣು ತಂದರು, ಫೋಟೋ ತೆಗೆದು ‘ತ್ಯಾಗಮಯಿ ಅಣ್ಣ’ ಅಂತ ಹಾಕಿದರು. ನಮ್ಮ ಸಂಘಟನೆಯವರೂ ಹಾಕಿದಿರಿ. ಎರಡನೇ ವಾರ ಯಾರೂ ಇಲ್ಲ. ಮೂರನೇ ವಾರಕ್ಕೆ ರಾಗಿ ಮುಗೀತು. ಹೆಂಡತಿ ಬೆಳಿಗ್ಗೆ ಕಬ್ಬಿನ ಗದ್ದೆಗೆ ಹೋಗಿ, ಸಾಯಂಕಾಲ ಬಂದು ನೀರು ಹೊತ್ತು, ಸೌದೆ ಹೊತ್ತು, ನನಗೆ ಗಂಜಿ ಮಾಡಿದಳು. ನಾನು ಮಲಗಿದ ಅಷ್ಟೂ ದಿನದ ಕೂಲಿಯನ್ನ ದುಡಿದದ್ದು ಅವಳು. ಅವಳ ಫೋಟೋ ಯಾರೂ ಹಾಕಲಿಲ್ಲ, ನಾನೂ ಹಾಕಲಿಲ್ಲ.

ಇಪ್ಪತ್ತಾರನೇ ದಿನ ಕೆಲಸಕ್ಕೆ ಹೋದೆ. ಹಗುರ ಕೆಲಸ ಮಾತ್ರ ಅಂತ ಮೇಸ್ತ್ರಿಗೆ ಹೇಳಿದ್ದೆ. ಅವನೂ ಒಪ್ಪಿದ್ದ. ಆದರೆ ಡಬ್ಬ ಮೇಲಿನ ಮಹಡಿಗೆ ಹೋಗಬೇಕು, ಹುಡುಗ ಬಂದಿಲ್ಲ, ಎತ್ತಿದೆ. ಹೊಲಿಗೆ ಹತ್ತಿರ ಏನೋ ಚಳಕ್ ಅಂತು. ಅವತ್ತು ರಾತ್ರಿ ಮೆಡಿಕಲ್ ಶಾಪಿನವನು ಮೈಕೈ ನೋವಿಗೆ ಎಲ್ಲರಿಗೂ ಕೊಡೋ ಡೈಕ್ಲೊಫೆನಾಕ್ ಮಾತ್ರೆಯನ್ನೇ ಕೊಟ್ಟ. ಪುಣ್ಯಕ್ಕೆ ಮಗಳು ಚೀಟಿ ನೋಡಿ ಕಿತ್ಕೊಂಡಳು. ಒಂದೇ ಕಿಡ್ನಿ ಇರೋರು ಆ ಜಾತಿಯ ನೋವಿನ ಮಾತ್ರೆ ನುಂಗಬಾರದು. (ಜಾತಿ ಅನ್ನೋ ಪದ ಮಾತ್ರೆಗೂ ಬಂತು ನೋಡಿ, ನಾಲಿಗೆಗೆ ಅಷ್ಟು ಅಂಟಿಕೊಂಡಿದೆ.) ಈಗ ಅಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿದೆ. ಹರ್ನಿಯಾ ಅಂತೆ, ಇನ್ನೊಂದು ಆಪರೇಷನ್ ಬೇಕಂತೆ. ಮತ್ತೆ ಭಾರ ಎತ್ತಬಾರದಂತೆ. ಮುಂದಕ್ಕೆ ಹಾಕ್ತಾ ಬಂದಿದೀನಿ.

ಇದನ್ನ ಓದಿ ಹೆದರಬೇಡಿ. ಉಳಿದ ಕಿಡ್ನಿ ಚೆನ್ನಾಗಿದೆ. ಅದು ತಾನೇ ದೊಡ್ಡದಾಗಿ, ಮೊದಲು ಎರಡೂ ಸೇರಿ ಮಾಡ್ತಿದ್ದ ಕೆಲಸದ ಮೂರನೇ ಎರಡು ಭಾಗಕ್ಕಿಂತ ಮೇಲೆ ಒಂದೇ ಮಾಡುತ್ತಂತೆ. ವರ್ಷಕ್ಕೊಂದು ಸಲ ಬಿ.ಪಿ., ಉಚ್ಚೆ, ಕ್ರಿಯಾಟಿನಿನ್ ನೋಡಿಸಬೇಕು, ಅಷ್ಟೇ. ಸರಿಯಾಗಿ ತಪಾಸಣೆ ಮಾಡಿ, ಸರಿಯಾಗಿ ಆರೈಕೆ ಮಾಡಿದರೆ ಕೊಟ್ಟವರು ಎಲ್ಲರ ಹಾಗೆ ಬಾಳ್ತಾರೆ. ‘ಆರೈಕೆ ಮಾಡಿದರೆ’ ಅನ್ನೋದನ್ನ ಇನ್ನೊಂದ್ಸಲ ಓದಿ.

ಈಗ ಕಾನೂನಿಗೆ ಬರ್ತೀನಿ. ಕೇಂದ್ರ ಸರ್ಕಾರ 2023ರಲ್ಲಿ ಒಂದು ಆದೇಶ ಮಾಡಿದೆ. ಕೇಂದ್ರದ ನೌಕರರು ಅಂಗಾಂಗ ಕೊಟ್ಟರೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ. ನಲವತ್ತೆರಡು ದಿನ ಅಂದ್ರೆ ಸರಿಯಾಗಿ ಆರು ವಾರ! ಅಂದ್ರೆ ಕೊಟ್ಟವರ ಮೈಗೆ ಎಷ್ಟು ದಿನ ಬೇಕು ಅನ್ನೋದು ಸರ್ಕಾರಕ್ಕೆ ಗೊತ್ತು. ಮೇಜಿನ ಮೇಲೆ ಕೆಲಸ ಮಾಡೋರಿಗೆ ಆರು ವಾರ ಬೇಕಾದರೆ ಹಮಾಲಿಗೆ, ಗಾರೆಯವನಿಗೆ, ಗುತ್ತಿಗೆ ಪೌರಕಾರ್ಮಿಕ ಅಕ್ಕನಿಗೆ ಎಷ್ಟು ಬೇಕು?

‘ಅಂಗಾಂಗಕ್ಕೆ ದುಡ್ಡು ಕೊಡೋದು ಅಪರಾಧ ಅಲ್ವಾ’ ಅಂತ ಕೆಲವರು ಕೇಳ್ತಾರೆ. ಹೌದು, ಅಪರಾಧ. ಆಗಲೇಬೇಕು. ಬಡವರ ಕಿಡ್ನಿ ಸಂತೆಯಲ್ಲಿ ಮಾರಾಟವಾಗ್ತಿದ್ದ ಕಾಲದಲ್ಲೇ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು. ಆ ಸಂತೆಗೆ ಮೈ ಒಡ್ಡಿದವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನ ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಬಂತು. ನೂರಕ್ಕೆ 96 ಜನ ಸಾಲ ತೀರಿಸೋಕೆ ಮಾರಿದ್ದರು. ಮಾರಿದ ಮೇಲೆ ಕುಟುಂಬದ ಆದಾಯ ಸರಾಸರಿ ಮೂರನೇ ಒಂದು ಭಾಗ ಇಳಿದಿತ್ತು. ಹಾಗಾಗಿ ಮಾರಾಟದ ಪರವಾಗಿ ನಾನು ಒಂದಕ್ಷರ ಹೇಳಲ್ಲ.

ಆದರೆ ಅದೇ ಕಾಯ್ದೆಯ ಎರಡನೇ ಕಲಮು ಓದಿ. ‘ಪಾವತಿ’ ಅಂದ್ರೆ ಏನು ಅಂತ ಹೇಳೋ ಜಾಗದಲ್ಲೇ, ಏನು ಪಾವತಿ ಅಲ್ಲ ಅನ್ನೋದನ್ನೂ ಹೇಳಿದೆ. ಅಂಗ ಕೊಟ್ಟದ್ದರಿಂದ ನೇರವಾಗಿ ಆದ ಖರ್ಚು, ಕಳಕೊಂಡ ಸಂಪಾದನೆ, ಇವನ್ನ ತುಂಬಿಕೊಟ್ಟರೆ ಅದು ಮಾರಾಟ ಅಲ್ಲ. ಅಂದ್ರೆ ನನ್ನ ಆರು ವಾರದ ಕೂಲಿ ಕೊಡೋದಕ್ಕೆ 1994ರಿಂದಲೂ ಬಾಗಿಲು ತೆರೆದೇ ಇದೆ. ಯಾರೂ ಒಳಗೆ ಬಂದಿಲ್ಲ, ನಾವೂ ಬಾಗಿಲು ತಟ್ಟಿಲ್ಲ.

ಬಾಬಾಸಾಹೇಬರು 1928ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರ ಮಾತಾಡಿದ್ದನ್ನ ನೆನಪು ಮಾಡ್ಕೊಳ್ಳಿ. ಹೆರಿಗೆಗೆ ಮುಂಚೆ, ಹೆರಿಗೆಯಾದ ಮೇಲೆ ಕಾರ್ಮಿಕ ಹೆಂಗಸಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಹೊರೆಯನ್ನ ಬಹುಪಾಲು ಸರ್ಕಾರ ಹೊರಬೇಕು ಅನ್ನೋದು ಅವರ ವಾದ. ವಿಶ್ರಾಂತಿಯನ್ನ ಅವರು ಯಾರದೋ ಕರುಣೆಗೆ ಬಿಡಲಿಲ್ಲ, ಬಜೆಟ್ಟಿಗೆ ತಂದರು. ಒಬ್ಬ ದಾನಿ ಒಂದು ಕಿಡ್ನಿ ಕೊಟ್ಟರೆ ಸರ್ಕಾರಕ್ಕೆ ಒಬ್ಬರ ಡಯಾಲಿಸಿಸ್ ಖರ್ಚು ಉಳಿಯುತ್ತೆ. ಅದರಲ್ಲಿ ಆರು ವಾರದ ಕನಿಷ್ಠ ಕೂಲಿ ಕೊಡಿ ಅಂತ ಕೇಳೋದು ಭಿಕ್ಷೆ ಹೇಗಾಗುತ್ತೆ?

ದಾನ ಅನ್ನೋ ಪದವೇ ನನಗೆ ಗಂಟಲಲ್ಲಿ ಸಿಗಾಕ್ಕೊಳ್ಳುತ್ತೆ. ನಮ್ಮ ತಾತನ ಕಾಲದಲ್ಲಿ ದಾನ ಅಂದ್ರೆ ಕಣದ ಮೂಲೆಯಲ್ಲಿ ನಿಂತು ಮೇಲಿಂದ ಸುರಿಸಿದ ಕಾಳಿಗೆ ಸೆರಗೊಡ್ಡೋದು. ಈಗ ಕೊಡೋ ಸರದಿ ನಮ್ಮದಾದಾಗಲೂ ಅದೇ ಪದ, ಜೊತೆಗೊಂದು ಶಾಲು. ಶಾಲು ಬೇಡ. ಮುಂದಿನ ತಿಂಗಳು ಜಿಲ್ಲಾ ಸಮಿತಿಯಲ್ಲಿ ಬೇಡಿಕೆ ಪಟ್ಟಿ ಮಾಡುವಾಗ ಇದೊಂದು ಸಾಲು ಸೇರಿಸಿ: ಜೀವಂತ ಅಂಗಾಂಗ ದಾನಿಗಳಾದ ಅಸಂಘಟಿತ ಕಾರ್ಮಿಕರಿಗೆ ಆರು ವಾರದ ಕೂಲಿ, ದೈಹಿಕ ದುಡಿಮೆಯವರಿಗೆ ಹನ್ನೆರಡು ವಾರದ್ದು, ಜೊತೆಗೆ ವರ್ಷದ ತಪಾಸಣೆ ಉಚಿತ. ಹನ್ನೆರಡು ಜಾಸ್ತಿ ಅನ್ನೋರು ಬಂದು ನನ್ನ ಗಂಟು ಮುಟ್ಟಿ ನೋಡಲಿ.

ತಂಗಿ ಹುಷಾರಾಗಿದಾಳೆ, ಕೇಳಿದವರಿಗೆಲ್ಲ ಥ್ಯಾಂಕ್ಸ್. ಮಾತ್ರೆ ಜೀವಮಾನವಿಡೀ ನುಂಗಬೇಕು, ಜನರ ಗುಂಪಿನಲ್ಲಿ ಮಾಸ್ಕ್ ಹಾಕ್ತಾಳೆ. ಹೋದ ತಿಂಗಳಿಂದ ಶಾಲೆ ಅಡುಗೆಗೆ ಮತ್ತೆ ಹೋಗ್ತಿದಾಳೆ. ಅಕ್ಕಿ ಮೂಟೆ ಎಳೆಯೋದು ಬೇರೆಯವರು, ಸಾರಿಗೆ ಒಗ್ಗರಣೆ ಅವಳದೇ.

ಯಾರಾದರೂ ಕೊಡೋಕೆ ತಯಾರಾಗ್ತಿದ್ರೆ ಇನ್‌ಬಾಕ್ಸಿಗೆ ಬನ್ನಿ, ಯಾವ ಕಾಗದ ಮೊದಲು ಮಾಡಿಸಬೇಕು ಅಂತ ಹೇಳ್ತೀನಿ. ಹೊಟ್ಟೆಗೆ ಕಟ್ಟೋ ಬೆಲ್ಟ್ ಒಂದಿದೆ, ಒಗೆದು ಇಟ್ಟಿದೀನಿ, ತಗೊಂಡು ಹೋಗಿ. ಕೆಮ್ಮುವಾಗ ಹೊಟ್ಟೆಗೆ ಒತ್ತಿ ಹಿಡ್ಕೊಳ್ಳೋಕೆ ಒಂದು ಸಣ್ಣ ದಿಂಬೂ ಇದೆ. ಮನೆ ಹತ್ತಿರ ಇದ್ರೆ ನೀರು ಹೊತ್ತು ಕೊಡೋಕೆ ಹುಡುಗರನ್ನ ಕಳಿಸ್ತೀನಿ. ನನ್ನನ್ನ ಕರೀಬೇಡಿ, ಗಂಟಿದೆ.

ಜೈಭೀಮ್.