ವಾರ್ತೆಯೋ, ಕಥೆಯೋ?

ಬೆಂಗಳೂರಿನಿಂದ ಬೀದರದವರೆಗೆ ಇಂದಿನ ಕನ್ನಡ ಪತ್ರಿಕಾಲಯಗಳಲ್ಲಿ 'ಸ್ಟೋರಿ' ಎಂಬ ಒಂದೇ ಇಂಗ್ಲಿಷ್ ಶಬ್ದವು ದರ್ಬಾರು ನಡೆಸುತ್ತಿದೆ. ಸಭೆಯ ವರದಿ ಸ್ಟೋರಿ. ಮುಖಪುಟದ ವಾರ್ತೆ 'ಲೀಡ್ ಸ್ಟೋರಿ'. ವಾರಪತ್ರಿಕೆಯ ಮುಖ್ಯ ಲೇಖನ 'ಕವರ್ ಸ್ಟೋರಿ'. ಚಲಚ್ಚಿತ್ರದ ಕಥೆಯೂ ಸ್ಟೋರಿಯೇ. ಔರಾದದ ರೈತನ ಬೆಳೆ ಒಣಗಿದರೆ ಅದೂ ಸ್ಟೋರಿ!

ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಹಿಂದೆ ಇತಿಹಾಸವೆಂಬ ಅರ್ಥವೂ ಇದ್ದಿತು. ಅವರಿಗೆ ಅದು ಸಲ್ಲಲಿ. ನಮ್ಮಲ್ಲಿಯೋ, 'ಕಥೆ ಕಟ್ಟಬೇಡ' ಎಂದರೆ ಸುಳ್ಳು ಹೇಳಬೇಡವೆಂದೇ ಅರ್ಥ. 2002ರಲ್ಲಿ ನಂಜುಂಡಪ್ಪ ಸಮಿತಿಯು ಔರಾದ, ಭಾಲ್ಕಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತು. ಅದು ಲೆಕ್ಕ, ಕಥೆಯಲ್ಲ. ನಾವೇ ಕಥೆಯೆಂದು ಕರೆದುದನ್ನು ಅಧಿಕಾರಿಗಳು ಕಥೆಯೆಂದೇ ಓದಿ ಮಡಿಚಿಟ್ಟರೆ ದೂರುವುದು ಯಾರನ್ನು?

ನಮಗೇನು ಶಬ್ದಗಳ ಬರವೇ? 1843ರಲ್ಲಿ ಹುಟ್ಟಿದ ಮೊದಲ ಕನ್ನಡ ಪತ್ರಿಕೆಯು 'ಮಂಗಳೂರು ಸಮಾಚಾರ'ವೆಂದೇ ಹೆಸರಿಟ್ಟುಕೊಂಡಿತು. ವಾರ್ತೆ, ವರದಿ, ವೃತ್ತಾಂತ, ನುಡಿಚಿತ್ರ: ಒಂದೊಂದು ಹೆಸರಿಗೂ ಒಂದೊಂದು ಹೊಣೆಯುಂಟು. ಹೆಸರುಗಳನ್ನು ಕಲಸಿದರೆ ಹೊಣೆಯೂ ಕಲಸಿಹೋಗುವುದು. ಕಂಡುದೆಷ್ಟು, ಕೇಳಿದುದೆಷ್ಟು, ಊಹಿಸಿದುದೆಷ್ಟು ಎಂಬುದು ವಾಚಕನಿಗೆ ತಿಳಿಯದು.

ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರವು ಕನ್ನಡ ನಾಡನ್ನು ಕೂಡಿತು. ಇಂದು ನಾವು ಹೊರಗೆ ಕನ್ನಡ ಫಲಕವನ್ನು ತೂಗಹಾಕಿ ಒಳಗೆ ಸ್ಟೋರಿ ಬರೆಯುತ್ತಿದ್ದೇವೆ! ಬೀದರದ ಪತ್ರಕರ್ತರೇ, ಅವರನ್ನು ಓದಿ ಮಕ್ಕಳಿಗೆ ನುಡಿ ಕಲಿಸುವ ಉಪಾಧ್ಯಾಯರೇ, ಕಥೆಯನ್ನು ಕಥೆಗಾರರಿಗೆ ಬಿಡಿರಿ. ನಾಡಿಗೆ ವಾರ್ತೆಯನ್ನು ಕೊಡಿರಿ.