ಜಪಾನಿನ ಬೆಕ್ಕು ಟಿಕೋಟಾಕ್ಕೆ ಬಂದದ್ದು ಯಾವ ಭಾಷೆಯಲ್ಲಿ?

ಟಿಕೋಟಾ ಹತ್ತಿರದ ಒಂದು ಒಣದ್ರಾಕ್ಷಿ ಶೆಡ್ಡಿಗೆ ನಾವು ಹೋಗಿದ್ದು ದರದ ಸುದ್ದಿ ಬರೆಯಲು. ಹೆಣ್ಣುಮಕ್ಕಳು ಸಾಲಾಗಿ ಕೂತು ದ್ರಾಕ್ಷಿ ಆರಿಸುತ್ತಿದ್ದರು. ಮೂಲೆಯಲ್ಲಿ ಚೀಲದ ಮೇಲೆ ನಾಲ್ಕೈದು ವರ್ಷದ ಹುಡುಗ, ಕೈಯಲ್ಲಿ ಗಾಜು ಒಡೆದ ಮೊಬೈಲು. ಅದರೊಳಗೆ ನೀಲಿ ಬೆಕ್ಕು, ಡೋರೆಮಾನ್. ಹುಡುಗನಿಗೆ ನೀರಡಿಕೆಯಾಯಿತು. ಕಣ್ಣು ಎತ್ತದೆ "ಮಮ್ಮಿ, ಪಾನೀ ದೋ ನಾ" ಅಂದ.

ತಾಯಿ ತಂಬಿಗೆ ಕೊಟ್ಟು, ಹೆಮ್ಮೆಯಿಂದ ನಮ್ಮ ಕಡೆ ನೋಡಿದರು. "ನೋಡ್ರಿ ತಂಗಿ, ಇನ್ನಾ ಸಾಲಿ ಮಾರಿ ನೋಡಿಲ್ಲ, ಹಿಂದಿ ಹ್ಯಾಂಗ ಮಾತಾಡ್ತಾನ!"

"ಯಾರು ಕಲಿಸಿದ್ರಬೇ ಅಕ್ಕಾ?"

"ಯಾರ ಕಲಸ್ತಾರ? ಈ ಬೆಕ್ಕಽ ಕಲಸೇತಿ."

ದರ ಬರೆದುಕೊಂಡು ಬಸ್ಸು ಹತ್ತಿದೆವು. ವಿಜಯಪುರ ಮುಟ್ಟುವವರೆಗೂ ಆ ಬೆಕ್ಕಿನದೇ ಮಾತು. 1970ರ ಹೊತ್ತಿಗೆ ಫುಜಿಕೊ ಎಫ್. ಫುಜಿಯೊ ಎಂಬ ಚಿತ್ರಕಾರ ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಬರೆಯಲು ಶುರು ಮಾಡಿದ ಬೆಕ್ಕು ಅದು. 2008ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಅದನ್ನೇ ತನ್ನ ಕಾರ್ಟೂನ್ ರಾಯಭಾರಿ ಎಂದು ನೇಮಿಸಿತು. ಆ ರಾಯಭಾರಿ ಟಿಕೋಟಾಕ್ಕೆ ಬಂದು ಜಪಾನಿ ಕಲಿಸಲಿಲ್ಲ, ಕನ್ನಡವನ್ನೂ ಆಡಲಿಲ್ಲ. ಕಲಿಸಿದ್ದು ಹಿಂದಿ.

ಇದು ನಗುವ ವಿಷಯ ಅಂತ ನಮಗೂ ಮೊದಲು ಅನ್ನಿಸಿತ್ತು. ಆದರೆ ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಈ ಕಾರ್ಟೂನುಗಳನ್ನು ನಕ್ಕು ಬಿಟ್ಟಿಲ್ಲ. ಕೊಯಿಚಿ ಇವಾಬುಚಿ ಎಂಬ ವಿದ್ವಾಂಸರು ಜಪಾನಿನ ಟಿವಿ, ಕಾರ್ಟೂನು, ಹಾಡು ಹೊರದೇಶಗಳಲ್ಲಿ ಏನು ಮಾಡುತ್ತವೆ ಅಂತ 2002ರಲ್ಲಿ ಪುಸ್ತಕವನ್ನೇ ಬರೆದರು. ಪೊಕೆಮಾನ್ ಆಟಿಕೆಗಳು ಅಮೆರಿಕದ ಮಕ್ಕಳ ಕೈಗೆ ಹೇಗೆ ಬಂದವು ಅಂತ ಆನ್ ಆಲಿಸನ್ 2006ರಲ್ಲಿ ಬರೆದರು. ಅದೇ ವರ್ಷ ಕ್ಯೋಟೋದ ಒಂದು ವಿಶ್ವವಿದ್ಯಾಲಯ ಮಾಂಗಾಕ್ಕೇ, ಅಂದರೆ ಜಪಾನಿನ ಚಿತ್ರಕಥೆಗಳಿಗೇ, ಒಂದು ನಿಕಾಯ ತೆರೆಯಿತು. ಅದೇ ಊರಿನಲ್ಲಿ ಮುಚ್ಚಿಹೋಗಿದ್ದ ಪ್ರಾಥಮಿಕ ಶಾಲೆಯ ಕಟ್ಟಡದೊಳಗೆ ಮಾಂಗಾ ವಸ್ತುಸಂಗ್ರಹಾಲಯವೂ ಆಯಿತು. (ನಮ್ಮಲ್ಲಿ ಸಾಲಿ ಮುಚ್ಚಿದರೆ ಕಣಿಕೆ ಒಟ್ಟುತ್ತೇವೆ.)

ಇವಾಬುಚಿ ಅವರ ಒಂದು ಮಾತು ನಮಗೆ ಬಹಳ ಹಿಡಿಸಿತು. ಜಪಾನಿನ ಸರಕು ಹೊರಗೆ ಚೆನ್ನಾಗಿ ಮಾರಾಟವಾಗುವುದು ಅದಕ್ಕೆ ಜಪಾನಿನ ವಾಸನೆ ಇಲ್ಲದ್ದರಿಂದ ಅನ್ನುತ್ತಾರೆ ಅವರು. ಪಾತ್ರಗಳ ಮುಖ, ಬಣ್ಣ ಯಾವ ದೇಶದ್ದೂ ಆಗಬಹುದು. ಅದಕ್ಕೇ ಎಲ್ಲರೂ ತಮ್ಮದು ಅಂದುಕೊಳ್ಳುತ್ತಾರೆ.

ಒಪ್ಪಿದೆವು. ಆದರೆ ನಮ್ಮೂರಿಗೆ ಬರುವ ದಾರಿಯಲ್ಲಿ ಆ ಸರಕಿಗೆ ಬೇರೆ ವಾಸನೆ ಹತ್ತಿದೆ. ಡೋರೆಮಾನ್ ಭಾರತದ ಟಿವಿಗೆ 2005ರಲ್ಲಿ ಬಂದದ್ದೇ ಹಿಂದಿಯಲ್ಲಿ. ಹಿಂದಿ ನಮಗೆ ವೈರಿ ಅಲ್ಲ. ವಿಜಯಪುರದ ಓಣಿಗಳಲ್ಲಿ ದಖನಿ ಮಾತು ನೂರಾರು ವರ್ಷದಿಂದ ಇದೆ, ಕನ್ನಡದ ಜೋಡಿ ಉಂಡು ಬೆಳೆದಿದೆ. ಆ ಮಾತು "ನಕ್ಕೋ" ಅನ್ನುತ್ತದೆ. ಬೆಕ್ಕು ಕಲಿಸಿದ್ದು "ಮತ್ ಕರೋ". ದಖನಿ ಆಡುವ ಮನೆಯ ಮಕ್ಕಳೂ ಈಗ ಬೆಕ್ಕಿನ ಹಿಂದಿಯನ್ನೇ ಆಡುತ್ತಿದ್ದಾರೆ ಅಂತ ಆ ಓಣಿಯ ಗೆಳತಿಯೊಬ್ಬಳು ಹೇಳಿದಳು. ಹೋದದ್ದು ಒಂದು ಭಾಷೆಯಲ್ಲ, ಎರಡು.

ಬಾಂಗ್ಲಾದೇಶದಲ್ಲಿ ಇದೇ ತಕರಾರು ಸರಕಾರದವರೆಗೂ ಹೋಯಿತು. ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಆಡುತ್ತಿದ್ದಾರೆ ಅಂತ 2013ರಲ್ಲಿ ಹಿಂದಿ ಡೋರೆಮಾನ್ ಪ್ರಸಾರವನ್ನೇ ನಿಲ್ಲಿಸಿದರು. ನಮಗೆ ನಿಷೇಧ ಬೇಕಿಲ್ಲ. ಆ ಶೆಡ್ಡಿನ ಹುಡುಗನ ಕೈಯಿಂದ ಬೆಕ್ಕನ್ನು ಕಸಿಯುವವರ ಜೋಡಿ ನಾವಿಲ್ಲ. ಅವ್ವ ಸಂಜೆತನಕ ದ್ರಾಕ್ಷಿ ಆರಿಸುವಾಗ ಅವನ ಜೋಡಿ ಕೂತದ್ದು ಆ ಬೆಕ್ಕು ಒಂದೇ. ನಮ್ಮ ಜಗಳ, ಆ ಬೆಕ್ಕಿನ ಬಾಯಿಗೆ ಕನ್ನಡ ಹಾಕದವರ ಜೋಡಿ.

1960ರ ದಶಕದಲ್ಲಿ ಅ.ನ.ಕೃ. ಅವರಂಥವರು ಡಬ್ಬಿಂಗ್ ಬೇಡ ಅಂದಾಗ ಕನ್ನಡ ಚಿತ್ರರಂಗ ಇನ್ನೂ ಕೂಸು. ಅದಕ್ಕೆ ಬೇಲಿ ಬೇಕಿತ್ತು. ಕೂಸು ಬೆಳೆದು ಮೀಸೆ ಬಂದ ಮೇಲೂ ಬೇಲಿ ತೆಗೆಯಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್‌ಗೆ ಅಡ್ಡ ಬರುವುದು ತಪ್ಪು ಅಂತ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಬೇಕಾಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಬೇರೆ ಭಾಷೆಯಲ್ಲಿ ಕಾರ್ಟೂನು ನೋಡಿ ದೊಡ್ಡವರಾಗಿದ್ದರು. ಅವರಲ್ಲಿ ನಾವೂ ಇದ್ದೇವೆ. ಈಗ ಕೆಲವು ಮಕ್ಕಳ ಚಾನೆಲ್ಲುಗಳಲ್ಲಿ ಕನ್ನಡ ಧ್ವನಿ ಸಿಗುತ್ತದೆ, ನಿಜ. ಆದರೆ 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಎಂಬ ಜಪಾನಿ ಚಿತ್ರ ದೇಶದ ತುಂಬ ತೆರೆಕಂಡಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಕನ್ನಡ ಇರಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಯುಗೊ ಸಾಕೊ ಎಂಬ ಜಪಾನಿ ನಮ್ಮ ದೇಶದ ರಾಮ್ ಮೋಹನ್ ಅವರನ್ನು ಜೊತೆ ಮಾಡಿಕೊಂಡು 1992ರಲ್ಲಿ ರಾಮಾಯಣವನ್ನೇ ಕಾರ್ಟೂನು ಚಿತ್ರ ಮಾಡಿದರು. ಅದು 2025ರ ಜನವರಿಯಲ್ಲಿ ಇಲ್ಲಿಯ ಟಾಕೀಜುಗಳಿಗೆ ಮತ್ತೆ ಬಂತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್. ಇಲ್ಲೂ ಕನ್ನಡ ಇಲ್ಲ! ಟಿಕೋಟಾದಿಂದ ವಿಜಯಪುರಕ್ಕೆ ಬರುವ ಬಸ್ಸು ತೊರವಿ ದಾಟಿಯೇ ಬರಬೇಕು. ಕುಮಾರ ವಾಲ್ಮೀಕಿ ಐನೂರು ವರ್ಷದ ಹಿಂದೆ ಭಾಮಿನಿ ಷಟ್ಪದಿಯಲ್ಲಿ ತೊರವೆ ರಾಮಾಯಣ ಬರೆದದ್ದು ಅದೇ ಊರಲ್ಲಿ. ರಾಮಾಯಣಕ್ಕೆ ಕನ್ನಡ ಕೊಟ್ಟ ಊರಿನ ಮಕ್ಕಳು ಜಪಾನಿನಿಂದ ಬಂದ ರಾಮನ ಮಾತು ಹಿಂದಿಯಲ್ಲಿ ಕೇಳಬೇಕಾಯಿತು. ನವೆಂಬರ್ ಒಂದಕ್ಕೆ ಧ್ವಜ ಹಿಡಿಯುವ ಒಬ್ಬರಾದರೂ ಇದರ ಬಗ್ಗೆ ಮಾತಾಡಿದ್ದು ನಮ್ಮ ಕಿವಿಗಂತೂ ಬೀಳಲಿಲ್ಲ.

ಡಬ್ ಮಾಡಿದರೆ ಕನ್ನಡ ಕೆಡುತ್ತದೆ ಅನ್ನುವವರಿಗೆ ಒಂದು ಉದಾಹರಣೆ. ಡೋರೆಮಾನ್ ಜೀವ ಬಿಡುವ ತಿಂಡಿಯ ಹೆಸರು ದೊರಾಯಾಕಿ. ಹಿಂದಿಯಲ್ಲಿ ಅದು "ಡೋರಾ ಕೇಕ್" ಆಯಿತು. ನಮ್ಮ ಮಕ್ಕಳು ಅದು ಬೇಕರಿ ಸಾಮಾನು ಅಂದುಕೊಂಡಿದ್ದಾರೆ. ಅಸಲಿಗೆ ಅದು ಕೆಂಪು ಕಾಳು ಬೇಯಿಸಿ, ಸಕ್ಕರೆ ಹಾಕಿ ಅರೆದು, ಎರಡು ಮೆತ್ತನೆ ಸಣ್ಣ ರೊಟ್ಟಿ ನಡುವೆ ಇಡುವುದು. ಅಂದರೆ ಹೂರಣ! ಬಬಲೇಶ್ವರದ ಯಾವ ಅಜ್ಜಿಗೆ ಹೇಳಿದರೂ "ಹೋಳಗಿ ತಮ್ಮ ಅಲ್ಲೇನ ಅದು" ಅಂದಾಳು. ಕನ್ನಡ ಬಲ್ಲವರು ಕೂತು ಮಾತು ಬರೆದರೆ ಬೆಕ್ಕು ಹೂರಣ ಬೇಡುತ್ತಿತ್ತು, ಹುಡುಗ ಅವ್ವನಿಗೆ ಹೋಳಿಗೆ ಕೇಳುತ್ತಿದ್ದ.

ಇನ್ನು ಓದಿದವರ ಪಾಲಿನ ತಪ್ಪು. ನಮ್ಮಲ್ಲೊಬ್ಬಾಕೆ ದೂರದ ಊರಿನಲ್ಲಿ ಪತ್ರಿಕೋದ್ಯಮ ಓದುವಾಗ "ಹಳ್ಳಿ ಮಕ್ಕಳು ಮತ್ತು ಜಪಾನಿ ಕಾರ್ಟೂನು" ಅಂತ ಪ್ರಬಂಧದ ವಿಷಯ ಕೊಟ್ಟಳು. "ಇದೇನು ಹುಡುಗಾಟಿಕೆ, ಗಂಭೀರ ವಿಷಯ ತಾ" ಅಂದರು. ಆಕೆ ಗ್ರಾಮ ಪಂಚಾಯಿತಿ ಮೇಲೆ ಬರೆದು ಪಾಸಾದಳು. ಪಂಚಾಯಿತಿ ಮೇಲೆ ಕಪಾಟು ತುಂಬ ಪ್ರಬಂಧಗಳಿವೆ. ಟೋಕಿಯೊದವರು, ಅಮೆರಿಕದವರು ತಮ್ಮ ಮಕ್ಕಳ ಬಗ್ಗೆ ಬರೆದುಕೊಳ್ಳುತ್ತಾರೆ. ಟಿಕೋಟಾದ ಮಗು ಏನು ನೋಡಿ ಯಾವ ಮಾತು ಕಲಿಯಿತು ಅಂತ ಅವರು ಬಂದು ಬರೆಯಬೇಕೇನು?

ಇದನ್ನು ಬರೆಯಬಲ್ಲವರು ತೊರವಿಯಲ್ಲೇ ಇದ್ದಾರೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಟಿಕೋಟಾದ ಹೆಣ್ಣುಮಕ್ಕಳು ಒಂದೇ ಬಸ್ಸಿನಲ್ಲಿ ಬರುತ್ತಾರೆ, ಬಬಲೇಶ್ವರದವರು ವಿಜಯಪುರದಲ್ಲಿ ಬಸ್ಸು ಬದಲಿಸಿ ಬರುತ್ತಾರೆ. ಅವರ ಮನೆಯಲ್ಲೇ ತಮ್ಮ, ತಂಗಿ, ಅಕ್ಕನ ಮಕ್ಕಳು ಮೊಬೈಲು ಹಿಡಿದು ಕೂತಿದ್ದಾರೆ. ಈ ಸಂಶೋಧನೆಗೆ ವಿಮಾನ ಬೇಕಿಲ್ಲ, ಒಂದು ನೋಟುಬುಕ್ಕು ಸಾಕು.

"ದ್ರಾಕ್ಷಿ ದರದ ಚಿಂತಿ ನಮಗ, ನಿಮಗ ಬೆಕ್ಕಿನ ಚಿಂತಿ" ಅಂತ ಬಬಲೇಶ್ವರದ ಕಾಕಾ ಒಬ್ಬರು ನಮ್ಮನ್ನು ಛೇಡಿಸಿದರು. ಕಾಕಾ, ದರದ ಸುದ್ದಿ ಬರೆಯುವುದನ್ನು ಬಿಟ್ಟಿಲ್ಲ. ಆದರೆ ನಿಮ್ಮ ಮೊಮ್ಮಗ ನಿಮ್ಮನ್ನು "ದಾದಾಜಿ" ಅಂದದ್ದು ಕೇಳಿ ನೀವೇ ಅರೆಗಳಿಗೆ ಸುಮ್ಮನಾದಿರಿ. ನಾವು ನೋಡಿದೆವು.

ಓದುಗರೇ, ನಿಮ್ಮ ಮನೆಯ ಮಗು ಯಾವ ಕಾರ್ಟೂನು ನೋಡುತ್ತದೆ, ಯಾವ ಭಾಷೆಯಲ್ಲಿ, ಅದರಿಂದ ಕಲಿತ ಒಂದೈದು ಶಬ್ದ ಯಾವುವು? ಹಸಿವಾದಾಗ ಏನನ್ನುತ್ತದೆ, ಅಳುವಾಗ ಏನನ್ನುತ್ತದೆ? ಮಗುವಿನ ಹೆಸರು ಬೇಡ, ಊರು ಮತ್ತು ವಯಸ್ಸು ಸಾಕು. ಬರೆದು ಕಳಿಸಿ. ಬರುವ ರವಿವಾರದಿಂದ ನಾವೂ ಟಿಕೋಟಾದ ಶೆಡ್ಡುಗಳಲ್ಲಿ ಕೇಳುತ್ತ ಹೊರಡುತ್ತೇವೆ.