ಮಳೆ ಖಜಾನೆಯ ಅಪ್ಪಣೆ ಕೇಳುವುದಿಲ್ಲ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಅಮೇರಿಕೆಯ ಸರಕಾರ ಬಾಗಿಲು ಹಾಕಿತ್ತು. ಸಂಸತ್ತು ವೆಚ್ಚಕ್ಕೆ ಮಂಜೂರಾತಿ ಕೊಡಲಿಲ್ಲ. ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹೊಸ ಅನುದಾನ ನಿಂತಿತು.

ಅದು ಅವರ ಜಗಳ, ನಮಗೇನು ಎಂದು ಪುರ್ತಗೇರಿಯ ರೈತನಾಗಲಿ, ಗದಗಿನ ಅರಳೆ ವ್ಯಾಪಾರಿಯಾಗಲಿ ಸುಮ್ಮನಿರುವಂತಿಲ್ಲ. ಗಿರಣಿಗಳಿಗೆ ಉದ್ದ ಎಳೆಯ ಅರಳೆ ಕೊಟ್ಟ ವರಲಕ್ಷ್ಮಿ ಹತ್ತಿ 1972ರಲ್ಲಿ ಹೊರಬಂದದ್ದು ಧಾರವಾಡದಿಂದ. ತಳಿ ಕಟ್ಟಿದವರು ಬಿ. ಎಚ್. ಕಟರಕಿ. ಈಗ ಆ ಕೆಲಸ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಗಳಿಗೆ ರೂಪಾಯಿಯಲ್ಲಿ 75 ಪೈಸೆ ಕೇಂದ್ರದ್ದು, 25 ಪೈಸೆ ರಾಜ್ಯದ್ದು.

ನಮ್ಮಲ್ಲಿ ಲೇಖಾನುದಾನವಿದೆ, ಕಚೇರಿ ಮುಚ್ಚುವುದಿಲ್ಲ. ಆದರೆ ಹಣ ತಡವಾದರೂ ಹೊಲಕ್ಕೆ ಅದೇ ಗತಿ. ಬಿತ್ತನೆಯ ಹದ ಒಂದು ವಾರ ತಪ್ಪಿದರೆ ಒಂದು ವರ್ಷದ ಪ್ರಯೋಗ ಹಾಳು. ಮೊದಲು ಪೆಟ್ಟು ತಿನ್ನುವವನು ಸಂಶೋಧನಾ ಹೊಲದ ದಿನಗೂಲಿಯವನು. ಆಮೇಲೆ ರೈತನಿಗೆ ಬೀಜವಿಲ್ಲ, ಗಿರಣಿಗೆ ಅರಳೆಯಿಲ್ಲ, ಅಂಗಡಿಗೆ ಗಿರಾಕಿಯಿಲ್ಲ.

ಆದ್ದರಿಂದ ವರ್ಷದ ಹಣ ಮುಂಗಾರಿಗೆ ಮೊದಲೇ ಮುಟ್ಟಬೇಕು. ದಿನಗೂಲಿಗೆ ಯಾವ ಕಾರಣಕ್ಕೂ ತಡೆ ಬರಕೂಡದು. ಇದನ್ನು ಪ್ರಾಧ್ಯಾಪಕರ ಬೇಡಿಕೆಯೆಂದು ಬಿಡಬೇಡಿ. ಕಾರ್ಮಿಕ ಸಂಘಗಳೂ ವರ್ತಕರೂ ತಮ್ಮ ಶಾಸಕ, ಸಂಸದರನ್ನು ಇಂದೇ ಕೇಳಲಿ.